ಬಾಣಲೆಯ ಅಂಚಿನ ತಟ್ಟು

ನನ್ನ ಗಂಡ ನನ್ನನ್ನು ಹೊಡೆದದ್ದು ಒಂದೇ ವರ್ಷ, ಆ ಎರಡನೇ ದೊಡ್ಡ ಯುದ್ಧ ಮುಗಿಯುತ್ತಾ ಬಂದಾಗ. ಅದಕ್ಕೆ ಮುಂಚೆ ಹೊಡೆದವರಲ್ಲ, ಆಮೇಲೂ ಇಲ್ಲ. ಅವರು ತೀರಿಹೋಗಿ ತಿಂಗಳಾಗುತ್ತಾ ಬಂತು. ಮಾತಾಡಿಸಲು ಬಂದವರೆಲ್ಲ ಅವರ ಸಾಧುತನವನ್ನೇ ಹೇಳುತ್ತಾರೆ. ನನಗೆ ಆ ವರ್ಷವೂ ನೆನಪಾಗುತ್ತದೆ.

ಆಗ ನಾವಿಬ್ಬರೂ ಮುಳಬಾಗಿಲಿನ ಒಂದು ರೇಷ್ಮೆ ಕಾರ್ಖಾನೆಯಲ್ಲಿದ್ದೆವು. ಅವರು ಕುದಿಯುವ ಬಾಣಲೆಯ ಮುಂದೆ ಕೂತು ಗೂಡುಗಳಿಂದ ಎಳೆ ಹಿಡಿಯುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಆ ಎಳೆ ಸುತ್ತುವ ಚರಕ ತಿರುಗಿಸುತ್ತಿದ್ದೆ. ಅವರು ನೀರಿನಿಂದ ಕಣ್ಣು ತೆಗೆಯುವಂತಿಲ್ಲ. ಅದಕ್ಕೆ ಸೌಟಿನಿಂದ ಬಾಣಲೆಯ ಅಂಚಿಗೆ ತಟ್ಟುತ್ತಿದ್ದರು. ಒಂದು ತಟ್ಟು ಅಂದರೆ ನಿಲ್ಲಿಸು, ಎರಡು ಅಂದರೆ ತಿರುಗಿಸು. ಮದುವೆಯಾದ ಹೊಸದರಲ್ಲಿ ನಾವು ಹೆಚ್ಚು ಮಾತಾಡಿದ್ದೇ ಹೀಗೆ.

ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಸಾಹುಕಾರರು ಬಾಣಲೆಗಳ ನಡುವೆ ಸಂದಿಯಿದ್ದಲ್ಲೆಲ್ಲ ಇನ್ನೊಂದೊಂದು ಕೂಡಿಸಿದರು. ಮಧ್ಯಾಹ್ನದ ಬಿಡುವು ಹೋಯಿತು. ಊಟ ಕೂತಲ್ಲೇ, ಸತ್ತ ಹುಳದ ನಾತದಲ್ಲೇ. ಪಕ್ಕದವರ ತಟ್ಟು ಯಾವುದು, ನಮ್ಮದು ಯಾವುದು ಎಂದು ನನಗೆ ತಿಳಿಯದಾಯಿತು. ಅವರು ನಿಲ್ಲಿಸು ಎಂದಾಗ ತಿರುಗಿಸಿದೆ. ಎಳೆ ಅವರ ಬೆರಳು ಕೊಯ್ದು ತುಂಡಾಯಿತು. ಸೌಟು ಹಿಂದಕ್ಕೆ ಬೀಸಿ ಬಂದು ನನ್ನ ಹುಬ್ಬು ಒಡೆಯಿತು.

"ಕಿವಿ ಸತ್ತೋಯ್ತೇನೇ ನಿಂಗೆ?"

"ಪಕ್ಕದ್ದು ಅಂದ್ಕೊಂಡೆ."

"ಸಂಸಾರ ಮನೇಲಿ ಮಾಡ್ಕೊಳ್ರಪ್ಪ," ಎಂದು ಮೇಸ್ತ್ರಿ ನಕ್ಕ. "ಚರಕ ತಿಪ್ಪಮ್ಮಾ, ತಿಪ್ಪು."

ರಕ್ತ ಒರೆಸಿಕೊಂಡು ತಿರುಗಿಸಿದೆ.

ನಾವಷ್ಟೇ ಅಲ್ಲ. ಎದುರು ಸಾಲಿನಲ್ಲಿ ಅಣ್ಣನೇ ತಮ್ಮನ ಮುಖಕ್ಕೆ ಕುದಿಯುವ ಗೂಡು ಎರಚಿದ. ಒಬ್ಬಾಕೆ ಚರಕದ ಹಿಡಿ ಕಿತ್ತು ಪಕ್ಕದವಳ ಹಲ್ಲು ಮುರಿದಳು. ಸಂಜೆ ಎಲ್ಲರೂ ಒಟ್ಟಿಗೇ ಮನೆಗೆ ನಡೆಯುತ್ತಿದ್ದೆವು, ಯಾರೂ ಯಾರ ಮುಖವನ್ನೂ ನೋಡದೆ. ನಮ್ಮವರು ನಿದ್ದೆಯಲ್ಲೂ ಬೆರಳಾಡಿಸುತ್ತಿದ್ದರು. ಮಾತಾಡಿಸಿದರೆ ಬೆಚ್ಚಿ ಕೈ ಎತ್ತುತ್ತಿದ್ದರು. ನಾನು ಬಸುರಿಯಾಗಿದ್ದೆ. ಈ ಕೈಯ ಹೊಡೆತಕ್ಕೆ ಸಿಗದೆ ಮಗು ಉಳಿಯುತ್ತದೆಯೇ ಎಂಬುದೊಂದೇ ನನ್ನ ಯೋಚನೆ.

ಒಂದು ದಿನ ಮತ್ತೆ ತಪ್ಪಿ ತಿರುಗಿಸಿದೆ. ಅವರು ಸೌಟಿನ ತುಂಬ ಕುದಿನೀರು ಮೊಗೆದು ಎದ್ದು ನನ್ನ ಕಡೆ ತಿರುಗಿದರು. ನಾನು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡೆ. ಅವರು ನನ್ನ ಕೈಗಳನ್ನೇ ನೋಡಿದರು. ಸೌಟು ಕೆಳಗೆ ಹಾಕಿದರು. ಆಮೇಲೆ ತಮ್ಮ ಬಲಗೈಯನ್ನು ಬಾಣಲೆಯೊಳಗೆ ಅದ್ದಿದರು. ಮೇಸ್ತ್ರಿ ಬಂದು ಎಳೆಯುವವರೆಗೂ ತೆಗೆಯಲಿಲ್ಲ.

"ಇನ್ನೀ ಕೈ ಇಲ್ಲಿಗೆ ಬರಲ್ಲ," ಎಂದರು ಹಲ್ಲು ಕಚ್ಚಿ. "ನಡಿಯೇ, ಮನೇಗೋಗಣ."

ಮಾರನೆಯ ದಿನ ಆ ಬಾಣಲೆಗೆ ಬೇರೆ ಗಂಡಹೆಂಡತಿ ಕೂತರು. ನಾವು ಆವನಿಯ ಹತ್ತಿರದ ನನ್ನ ತವರಿಗೆ ಹೋಗಿ ಹೊಲದ ಕೆಲಸಕ್ಕೆ ನಿಂತೆವು. ಮಗಳು ಹುಟ್ಟಿದಳು. ಸುಕ್ಕುಗಟ್ಟಿದ ಆ ಕೈ ಅವಳಿಗೆ ತಾಗದಂತೆ ಎಡಗೈಯಲ್ಲೇ ಎತ್ತಿಕೊಳ್ಳುತ್ತಿದ್ದರು.

ಕೊನೆಗೆ ಕಾಯಿಲೆಯಲ್ಲಿ ಅವರಿಗೆ ಮಾತು ನಿಂತುಹೋಯಿತು. ನಾನು ಕಾಲು ಒತ್ತುತ್ತಾ ಕೂತರೆ ಮಂಚದ ಅಂಚಿಗೆ ಚಮಚ ತಟ್ಟುತ್ತಿದ್ದರು. ಎರಡು ತಟ್ಟಿದರೆ ಇನ್ನೂ ಒತ್ತಬೇಕು. ಅವರು ಹೋದ ದಿನ ಬೆಳಿಗ್ಗೆ ಒಂದೇ ತಟ್ಟಿದರು. ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ನಾನು ಕೈ ನಿಲ್ಲಿಸಿದೆ.