ಕೋಬೆಯಲ್ಲಿ ಮತ್ತೆ ಓಡಿದ ಆಸ್ಟ್ರೇಲಿಯಾದ ಕಾರು

ಗಂಡನ ಕಂಪನಿ ನಮ್ಮನ್ನು ಜಪಾನಿನ ಕೋಬೆಗೆ ಕಳಿಸಿದಾಗ ಎಲ್ಲರ ಬಾಯಲ್ಲೂ ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂಬ ವೈಟೂಕೆ ಮಾತೇ. ಗಂಡ ಬೆಳಿಗ್ಗೆ ಆಫೀಸಿಗೆ ಹೋದರೆ ನನಗೆ ಮನೆಯೊಳಗೆ ಕೈಕಟ್ಟಿ ಹಾಕಿದಂತಾಗುತ್ತಿತ್ತು. ಮದುವೆಗೆ ಮುಂಚೆ ನಾನು ಪಾಲಿಮರ್ ಎಂಜಿನಿಯರಿಂಗ್ ಓದಿ, ಮೈಸೂರಿನಲ್ಲಿ ಫೈಬರ್‌ಗ್ಲಾಸ್ ನೀರಿನ ಟ್ಯಾಂಕ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು.

ಪಕ್ಕದ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಅಜ್ಜಿ ಇದ್ದರು. ಬೀದಿಯವರಂತೆ ನಾನೂ ಅವರನ್ನು ಒಬಾಸಾನ್, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದೆ. ಒಮ್ಮೆ ಅವರ ಗ್ಯಾರೇಜಿನ ಶಟರ್ ತೆರೆದಿತ್ತು. ಒಳಗೆ ಹಸಿರು ಬಣ್ಣದ, ನೆಲಕ್ಕಂಟಿದಂತೆ ತಗ್ಗಾಗಿದ್ದ ಕಾರು. ಮೂತಿ ಮಾತ್ರ ನುಚ್ಚುನೂರು. ಬೆರಳಿನಿಂದ ತಟ್ಟಿ ನೋಡಿದೆ.

"ಇದು ಕಬ್ಬಿಣ ಅಲ್ಲ."

ಒಬಾಸಾನ್ ಮುಖ ಅರಳಿತು. "ನಿನಗೆ ಗೊತ್ತಾಯ್ತಾ!"

ಅಂದು ಚಹಾ ಕುಡಿಯುತ್ತಾ ಅವರು ಕಾರಿನ ಕಥೆ ಹೇಳಿದರು. ಹಿಂದೆ ಆಸ್ಟ್ರೇಲಿಯಾದಲ್ಲಿ ಹೊರದೇಶದ ಸ್ಪೋರ್ಟ್ಸ್ ಕಾರು ಶ್ರೀಮಂತರಿಗಷ್ಟೇ ಎಟುಕುತ್ತಿತ್ತಂತೆ. ಅದಕ್ಕೆ ಅಲ್ಲಿನ ಹುಡುಗರು ಸಣ್ಣ ಶೆಡ್ಡುಗಳಲ್ಲಿ ಫೈಬರ್‌ಗ್ಲಾಸಿನ ಮೈ ಅಚ್ಚು ಹಾಕಿ ಮಾರತೊಡಗಿದರು. ಕೊಂಡವರು ತಮಗೆ ಸಿಕ್ಕ ಎಂಜಿನ್ ಕೂರಿಸಿಕೊಳ್ಳಬೇಕು. ಈ ಮಾದರಿಯನ್ನು ಮಾಡಿದವರು ಕೆಲವನ್ನಷ್ಟೇ ಮಾಡಿ ಶೆಡ್ಡು ಮುಚ್ಚಿದರು. ಹಡಗಿನಲ್ಲಿ ಎಂಜಿನಿಯರ್ ಆಗಿದ್ದ ಒಬಾಸಾನ್ ಗಂಡ ಮೆಲ್ಬರ್ನ್‌ನಲ್ಲಿ ಇದನ್ನು ಕಂಡು ಮನಸೋತು, ಕೋಬೆಗೆ ಹೊತ್ತು ತಂದಿದ್ದರು. ಅವರು ತೀರಿಕೊಂಡ ಮೇಲೆ ಭೂಕಂಪದಲ್ಲಿ ಗ್ಯಾರೇಜಿನ ತೊಲೆ ಕಾರಿನ ಮೂತಿಯ ಮೇಲೆ ಬಿತ್ತು.

"ಮೆಕ್ಯಾನಿಕ್ ಎಂಜಿನ್ ಸರಿ ಮಾಡ್ತಾನಂತೆ. ಮೂತಿ ಮಾತ್ರ ಮುರಿ ಅಂತಾನೆ," ಎಂದರು. ಜಪಾನಿನಲ್ಲಿ 'ಮುರಿ' ಎಂದರೆ ಆಗದ ಮಾತು.

"ನಾನು ಮಾಡ್ತೀನಿ," ಅಂದುಬಿಟ್ಟೆ.

ಮನೆಯಲ್ಲಿ ಗಂಡ ಗಾಬರಿಯಾದರು. "ಟ್ಯಾಂಕ್ ಬೇರೆ, ಕಾರ್ ಬೇರೆ ಕಣೇ. ರೇರ್ ಪೀಸ್ ಅಂತೆ, ಹಾಳಾದ್ರೆ?"

"ಟ್ಯಾಂಕ್ ಸೋರಬಾರ್ದು ರೀ. ಮೂತಿ ಸೋರಿದ್ರೂ ನಡಿಯತ್ತೆ!"

ಅವರು ನಕ್ಕರು. ಆ ವಾರವೇ ಇಂಟರ್‌ನೆಟ್ಟಿನಲ್ಲಿ ಹುಡುಕಿ, ಹಳೆಯ ಕಾರುಗಳನ್ನು ಸಾಕುವ ಆಸ್ಟ್ರೇಲಿಯನ್ನರ ಗುಂಪೊಂದಕ್ಕೆ ಮೇಲ್ ಕಳಿಸಿಕೊಟ್ಟರು. ಅಲ್ಲಿ ಇದೇ ಮಾದರಿ ಇಟ್ಟುಕೊಂಡಿದ್ದ ಒಬ್ಬರು ತಮ್ಮ ಕಾರಿನ ಮೂತಿಯನ್ನು ಎಲ್ಲ ಕಡೆಯಿಂದ ಅಳೆದು, ಫೋಟೋ ತೆಗೆದು ಕಳಿಸಿದರು.

ಅಳತೆಗೆ ತಕ್ಕಂತೆ ಥರ್ಮೋಕೋಲ್ ಕೆತ್ತಿ, ಮೇಲೆ ಪ್ಲಾಸ್ಟರ್ ಬಳಿದು ಉಜ್ಜಿ ಅಚ್ಚು ಮಾಡಿದೆ. ಗಾಜಿನ ನಾರಿನ ಹಾಸನ್ನು ಅದರ ಮೇಲೆ ಹರಡಿ ರಾಳ ಬಳಿದೆ. ಚಳಿಗೆ ಅದು ಗಟ್ಟಿಯಾಗಲೇ ಇಲ್ಲ, ಪಾಕ ಬಾರದ ಬೆಲ್ಲದಂತೆ ಅಂಟಂಟು. ಎಲ್ಲವನ್ನೂ ಕೆರೆದು ತೆಗೆಯುವಾಗ ಅಳು ಬಂತು. ಒಬಾಸಾನ್ ಪಕ್ಕದಲ್ಲಿ ಕೂತು ತಾವೂ ಕೆರೆದರು.

ಬಿಸಿಲು ಏರುವವರೆಗೆ ಕಾದು ಮತ್ತೆ ಶುರುಮಾಡಿದೆ. ಈ ಸಲ ಪದರ ಪದರವೂ ಹಿಡಿಯಿತು. ಮೂತಿಯನ್ನು ಮೈಗೆ ಕೂಡಿಸಿ, ಉಜ್ಜಿ, ಹಸಿರು ಬಣ್ಣ ಹೊಡೆದ ಮೇಲೆ, ಎಂಜಿನ್ ಸರಿ ಮಾಡಿದ್ದ ಮೆಕ್ಯಾನಿಕ್ ಬಂದ. ಜೋಡಿಸಿದ ಜಾಗವನ್ನು ಹುಡುಕಿ ಹುಡುಕಿ, ಕಡೆಗೆ ಸೊಂಟ ಬಗ್ಗಿಸಿ ನನಗೆ ನಮಸ್ಕರಿಸಿದ.

ಸರ್ಕಾರಿ ತಪಾಸಣೆಯಲ್ಲಿ ಕಾರು ಪಾಸಾದ ಮರುದಿನ ಒಬಾಸಾನ್ ಬಿಳಿ ಕೈಗವಸು ತೊಟ್ಟು ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ನಾನು. ಊರ ಹಿಂದಿನ ರೊಕ್ಕೋ ಬೆಟ್ಟದ ತಿರುವುಗಳಲ್ಲಿ ಅವರು ಗೇರ್ ಬದಲಿಸಿದ ರೀತಿ ನೋಡಿ ನಾನು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ನಗುತ್ತಿದ್ದರು. ಕೆಳಗೆ ಕೋಬೆಯ ರೇವು, ಹಡಗುಗಳು, ಕಡಲು.

ಬೆಟ್ಟದ ಮೇಲೆ ಕಾರು ನಿಲ್ಲಿಸಿದ್ದೇ ತಡ, ಜನ ಮುತ್ತಿಕೊಂಡರು. ಯಾವ ದೇಶದ ಕಾರು, ಯಾರು ಮಾಡಿದ್ದು ಎಂದು ಒಬ್ಬ ಯುವಕ ಕೇಳಿದ.

ಒಬಾಸಾನ್ ನನ್ನ ಭುಜ ಹಿಡಿದು ಮುಂದಕ್ಕೆ ತಂದರು. "ಮೂತಿ ಇವಳದ್ದು. ಮಿಕ್ಕಿದ್ದು ಆಸ್ಟ್ರೇಲಿಯಾದ್ದು."