ಮೂರು ತೊಟ್ಟಿ, ಒಂದು ಸ್ಟೂಲು

ಕೊಳ್ಳೇಗಾಲದ ಗುರುಮಲ್ಲಪ್ಪನವರ ಬಣ್ಣದ ಕಾರ್ಖಾನೆಯಲ್ಲಿ ಬಣ್ಣ ಹಾಕಿದ ರೇಷ್ಮೆ ನೂಲಿನ ಲಡಿ ಜಾಲಿಸುತ್ತ ಶಂಕರಮ್ಮ ಹನ್ನೆರಡು ವರ್ಷ ಕಳೆದಿದ್ದಳು. ದಿನವಿಡೀ ನೀರಲ್ಲಿ ನಿಂತು ಕಾಲ್ಬೆರಳ ಸಂದಿಯೆಲ್ಲ ಹುಣ್ಣು.

ತೊಂಬತ್ತೇಳರಲ್ಲಿ, ಬಣ್ಣದ ನೀರು ಕಾಲುವೆ ಸೇರುತ್ತಿದೆಯೆಂದು ಅಧಿಕಾರಿಗಳು ನೋಟೀಸು ಕೊಟ್ಟರು. ನೀರಿನ ಖರ್ಚು ಅರ್ಧಕ್ಕಿಳಿಯದಿದ್ದರೆ ಬೀಗ. ಸಾಹುಕಾರರು ತಲೆಮೇಲೆ ಕೈಹೊತ್ತು ಕೂತಾಗ, ನಿನ್ನೆಮೊನ್ನೆ ಸೇರಿದ ನಾಗಶ್ರೀ ಮುಂದೆ ಬಂದಳು.

“ಮೂರು ತೊಟ್ಟಿ ಕಟ್ಸಿ ಸಾ. ಕೊನೇ ತೊಟ್ಟಿ ನೀರು ತಿಳಿಯಾಗೇ ಇರ್ತದೆ, ಚೆಲ್ಲದು ಬ್ಯಾಡ. ಮುಂದಿನ ಲಡಿಗೆ ಅದೇ ಮೊದಲ್ನೇ ನೀರು.”

ಶಂಕರಮ್ಮನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅದು ಅವಳ ಹಿತ್ತಲಿನ ವಿದ್ಯೆ. ಬೋರಿನಿಂದ ಹದಿನಾರು ಬಿಂದಿಗೆ ಹೊರುವವಳು ಬಟ್ಟೆ ಜಾಲಿಸಿದ ಕೊನೆಯ ನೀರು ಚೆಲ್ಲುತ್ತಾಳೆಯೇ? ಊಟದ ಹೊತ್ತಲ್ಲಿ ಮಾತುಮಾತಲ್ಲಿ ನಾಗಶ್ರೀಗೆ ಅವಳೇ ಹೇಳಿದ್ದಳು.

ತೊಟ್ಟಿಗಳು ಎದ್ದವು, ನೀರು ಅರ್ಧಕ್ಕಿಳಿಯಿತು. ಅಧಿಕಾರಿಗಳ ತನಿಖೆ ಮುಗಿದ ಮೇಲೆ ತೊಟ್ಟಿ ನೋಡಿಕೊಳ್ಳುವ ಕೆಲಸ ನಾಗಶ್ರೀಗೇ ಎಂದರು ಸಾಹುಕಾರರು. ಒಣನೆಲ, ಕೂರಲು ಸ್ಟೂಲು. ಆ ಸ್ಟೂಲು ಶಂಕರಮ್ಮನ ಕಣ್ಣಿಗೆ ಚುಚ್ಚಿತು.

ಆ ತಿಂಗಳೆಲ್ಲ ಕೆಂಪು ನೂಲೊಂದೇ ಬಂದಿತ್ತು. ತನಿಖೆಯ ಬೆಳಿಗ್ಗೆ ಹಳದಿಯೂ ಬಂತು. ನಾಗಶ್ರೀ ಕೆಂಪನ್ನು ಮೊದಲು ಇಳಿಸಿದಳು. ಮನೆಯ ಒಗೆತದಲ್ಲಾದರೆ ಮೊದಲು ಬಿಳಿ ಪಂಚೆ, ಆಮೇಲೆ ಬಣ್ಣದ ಸೀರೆ. ಇದನ್ನೂ ಹೇಳಿಕೊಡಬೇಕೆಂದು ಶಂಕರಮ್ಮನಿಗೆ ಅಂದು ತೋಚಿರಲಿಲ್ಲ. ಇಂದು ತೋಚಿತು. ಎಲೆಯಡಿಕೆಯ ಜೊತೆ ಮಾತನ್ನೂ ನುಂಗಿಕೊಂಡಳು.

ಹಳದಿ ಲಡಿಗಳು ಕಿತ್ತಳೆಯಾಗಿ ಮೇಲೆದ್ದವು.

ಅಧಿಕಾರಿಗಳು ನೀರು ಅಳೆದು ಒಪ್ಪಿ ಹೋದರು. ಸಾಹುಕಾರರು ಮಾತ್ರ ಲಡಿ ನೋಡಿ, “ಎಂಗಸ್ರ ಕೈಗೆ ಕೊಟ್ಟದ್ದೇ ತಪ್ಪಾಯ್ತು” ಎಂದು ಸ್ಟೂಲಿನ ಮೇಲೆ ಗಾಡಿ ಓಡಿಸುವ ಮಾದಸ್ವಾಮಿಯನ್ನು ಕೂರಿಸಿದರು.

ಮರುದಿನ ಅವನು ಕೂತಲ್ಲಿಂದಲೇ ಕೇಳಿದ: “ಶಂಕರಕ್ಕ, ಯಾವ್ ಬಣ್ಣ ಮೊದ್ಲು ಬುಡನ?”

“ತಿಳಿ ಬಣ್ಣ ಕಣ್ಲಾ. ಅಷ್ಟೂ ಗೊತ್ತಿಲ್ದೆ ಕೂತಿದ್ದೀಯಾ?”

ಪಕ್ಕದಲ್ಲಿ ನೀರಿಗಿಳಿದಿದ್ದ ನಾಗಶ್ರೀ ತಲೆಯೆತ್ತಿದಳು. “ನಿಂಗೆ ಗೊತ್ತಿತ್ತಾ ಅಕ್ಕ?”

“ದಿನಾ ಮನೇಲಿ ಬಟ್ಟೆ ಒಗ್ಯೋಳ್ಗೆ ತಿಳೀದಾ?”

“ನಮ್ಮನೇಲಿ ಬಟ್ಟೆಯೆಲ್ಲ ನಮ್ಮತ್ತೆ ಒಗೀತಾರೆ. ನಿನ್ ಕೈ ಕಾರ್ಖಾನೇಲೇ ಸವೀತದೆ, ಮನೇಲೂ ಯಾಕೆ ಅಂತಾರೆ.”

ಬಟ್ಟೆ ಒಗೆದುಕೊಡುವ ಅತ್ತೆ. ಶಂಕರಮ್ಮ ಸ್ಟೂಲನ್ನು ಮರೆತೇಬಿಟ್ಟಳು. ಮನೆಯಲ್ಲಿ ಹದಿನಾರು ಬಿಂದಿಗೆ ಕಾಯುತ್ತಿದ್ದವು, ಹೊಟ್ಟೆಯಲ್ಲಿ ಆರುತ್ತಿದ್ದ ಕೆಂಡ ಮತ್ತೆ ನಿಗಿನಿಗಿ ಎಂದಿತು.