ಅತ್ತೆ ಕೊಯ್ದ ಮೊದಲ ಗೊಂಚಲು

ಕತ್ತರಿ ಕೊಡಹೋದರೆ ಅತ್ತೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. "ಹೆಂಡ ಆಗೂ ಹಣ್ಣಿಗೆ ನಾ ಕೈ ಹಚ್ಚಂಗಿಲ್ಲ!"

ಹೈದರಾಬಾದಿನ ಹೊರಗೆ, ಮೂಸಿ ನದಿಯ ಕಣಿವೆಯ ಒಣ ದಿಬ್ಬದಲ್ಲಿ ನಾವು ಬೆಳೆಸಿದ ವೈನ್ ದ್ರಾಕ್ಷಿಯ ಮೊದಲ ಕೊಯ್ಲು ಅದು. ಹಿರಿಯರು ಮೊದಲ ಗೊಂಚಲು ಕತ್ತರಿಸದೆ ನಮ್ಮಲ್ಲಿ ಯಾರೂ ಬೆಳೆ ಮುಟ್ಟುವುದಿಲ್ಲ. ಬಿಸಿಲೇರಿದ ಮೇಲೆ ಕೊಯ್ದರೆ ಹಣ್ಣು ಕೆಡುತ್ತದೆ. ಕೂಲಿಯವರೆಲ್ಲ ಬುಟ್ಟಿ ಹಿಡಿದು ನಿಂತಿದ್ದರು.

"ಅವ್ವಾ, ಒಂದು ಹಣ್ಣಾದ್ರೂ ತಿಂದು ನೋಡು," ಎಂದು ನನ್ನವರು ಗೋಗರೆದರು.

ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡರು. ಬೀಜ ಉಗುಳಿ ಇನ್ನೊಂದು ಹಾಕಿಕೊಂಡರು. "ಭಾಳ ಸೀ ಐತಲ್ಲೋ! ಇಂಥಾದ್ದನ್ನ ಕೊಳಿಸಿ ಕುಡಿಯೂ ಮಂದಿಗೆ ಬುದ್ಧಿ ಇಲ್ಲ, ಬಿಡು. ತಾ ಇಲ್ಲಿ ಕತ್ತರಿ, ಮೊದಲಿಂದು ದೇವರಿಗೆ."

ಮರುವರ್ಷದಿಂದ ಕೊಯ್ಲಿನ ದಿನ ಅತ್ತೆ ನಮಗಿಂತ ಮೊದಲೇ ಎದ್ದು ಇಳಕಲ್ ಸೀರೆ ಉಟ್ಟು ಕೂತಿರುತ್ತಿದ್ದರು. ವೈನ್ ಕುಡಿಯುವವರನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ.